ಬೇರೆ ಕೈಯ ಉಪ್ಪು

ಮಲ್ಲಿ ಗಣಪಿಯ ಅಂಗೈಯನ್ನು ಮೂಸಿತು, ಒಮ್ಮೆ ಬುಸ್ಸೆಂದಿತು, ಆಮೇಲೆ ಮುಖ ತಿರುಗಿಸಿ ಹುಲ್ಲಿಗೆ ಬಾಯಿ ಹಾಕಿತು. ಕೈಯಲ್ಲಿದ್ದ ಕಲ್ಲುಪ್ಪು ಹಾಗೇ ಉಳಿಯಿತು. ಹಿಂದೆ ನಿಂತಿದ್ದ ಕಂದು ಕುದುರೆ ಬಾದಲನಂತೂ ಹತ್ತಿರಕ್ಕೇ ಬರಲಿಲ್ಲ. ಜಿನುಗು ಮಳೆಗೆ ಉಪ್ಪು ಅಂಗೈಯಲ್ಲೇ ನೀರೊಡೆಯತೊಡಗಿದಾಗ ಗಣಪಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಇಷ್ಟು ವರ್ಷದಲ್ಲಿ ಹೀಗಾದದ್ದಿಲ್ಲ.

ಮಳೆಗಾಲ ಹಿಡಿಯಿತೆಂದರೆ ಮುರುಡೇಶ್ವರದ ಕಡಲತೀರದಲ್ಲಿ ಕುದುರೆ ಸವಾರಿಗೆ ಜನವಿರುವುದಿಲ್ಲ. ಗಣಪಿಯ ಗಂಡ ಜಟ್ಟ ಪ್ರತಿವರ್ಷ ಎರಡೂ ಕುದುರೆಗಳ ಜೀನು ಬಿಚ್ಚಿ ಮಾಡಿಗೆ ಕಟ್ಟಿಟ್ಟು, ಮುಟ್ಟಳ್ಳಿಯ ಮನೆಯ ಹಿಂದಿನ ಗುಡ್ಡದ ಹುಲ್ಲುಬೇಣಕ್ಕೆ ಅವನ್ನು ಬಿಟ್ಟುಬಿಡುತ್ತಿದ್ದ. ಮತ್ತೆ ಅವನು ಅವುಗಳ ಮುಖ ನೋಡುತ್ತಿದ್ದುದು ನವರಾತ್ರಿಯ ಹೊತ್ತಿಗೆ. ನಡುವಿನ ತಿಂಗಳುಗಳು ಗಣಪಿಯವು. ಮಳೆಗಾಲದ ಹುಲ್ಲೆಂದರೆ ಬರೀ ನೀರು. ಉಪ್ಪು ಸಿಗದ ಕುದುರೆ ಮಣ್ಣು ನೆಕ್ಕುತ್ತದೆ, ಯಾರದೋ ಅಂಗಳಕ್ಕೆ ನುಗ್ಗಿ ಬೆವರಿನ ಅಂಗಿ ಅಗಿಯುತ್ತದೆ. ತೊಟ್ಟಿಯಲ್ಲಿ ಹಾಕಿಟ್ಟರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಅದಕ್ಕೇ ಅವಳು ಬೆಳಗಿನ ಗಂಜಿ ಮುಗಿಸಿ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದಳು. ಗೇರುಮರದ ಬುಡದಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದವು.

ಮಲ್ಲಿಯ ಮೇಲೆ ಅವಳಿಗೆ ಒಂದು ಪಾಲು ಹೆಚ್ಚಿನ ಜೀವ. ಆ ಬಿಳಿ ಹೆಣ್ಣುಕುದುರೆ ಮನೆಗೆ ಬಂದ ವರ್ಷವೇ ಹೊಟ್ಟೆ ಉಬ್ಬರಿಸಿ ಅಂಗಳದಲ್ಲಿ ಬಿದ್ದುಕೊಂಡಿತ್ತು. ಜಟ್ಟ ಆಸೆ ಬಿಟ್ಟು, ಇನ್ನೊಂದು ಕುದುರೆ ಹೊಡೆದುಕೊಂಡು ಕಡಲಿಗೆ ಹೋಗಿದ್ದ. ಗಣಪಿ ಅದನ್ನು ಎಬ್ಬಿಸಿ, ಬಿಸಿಲಿಳಿಯುವವರೆಗೂ ತೆಂಗಿನ ತೋಟದ ಸುತ್ತ ನಡೆಸಿದ್ದಳು. ಸಂಜೆ ಅದು ಲದ್ದಿ ಹಾಕಿ ನೀರು ಕುಡಿಯುತ್ತಿದ್ದುದನ್ನು ಕಂಡ ಜಟ್ಟ, ಇನ್ನು ಇದು ನಿಂದೇ ಮಾರಾಯ್ತಿ ಎಂದಿದ್ದ. ನಗುತ್ತ ಅಂದ ಮಾತು. ಗಣಪಿ ಅದನ್ನು ಕೊಟ್ಟ ಮಾತೆಂದೇ ಇಟ್ಟುಕೊಂಡಿದ್ದಳು.

ಮಲ್ಲಿಗೆ ಮತ್ತೆ ಹೊಟ್ಟೆಯದೇ ಏನೋ ಆಗಿದೆಯೆಂದು ಅವಳು ಅದರ ತುಟಿ ಬಿಡಿಸಿ ನೋಡಿದಳು, ಪಕ್ಕೆಗೆ ಕಿವಿಯಿಟ್ಟಳು. ಎಲ್ಲ ಸರಿಯಾಗಿಯೇ ಇತ್ತು. ಮರುದಿನವೂ ಉಪ್ಪು ಬೇಡವಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಹುಲ್ಲು ಈ ಸಲ ಚಲೋ ಬಂದಿದೆ, ಅದಕ್ಕೇ ಉಪ್ಪು ಬೇಡವಾಗಿರಬೇಕು ಎಂದ ಅವನು, ಮೊಬೈಲಿನಿಂದ ಕಣ್ಣೆತ್ತದೆ. ಮಳೆಯಲ್ಲಿ ದಿನಾ ಗುಡ್ಡ ಹತ್ತಬೇಡ, ಕಾಲು ಜಾರೀತು ಎಂದೂ ಸೇರಿಸಿದ. ಅವನು ಹಾಗೆಲ್ಲ ಹೇಳುವವನಲ್ಲ. ಗಣಪಿಗೆ ಒಳಗೊಳಗೇ ಹಿತವಾಯಿತು.

ಆದರೂ ಮನಸ್ಸು ತಡೆಯಲಿಲ್ಲ. ಅದರ ಮರುದಿನ ಬೆಳಿಗ್ಗೆ ಬಿಡದ ಮಳೆ. ಮೂರು ಗಂಟೆಯ ಹೊತ್ತಿಗೆ ಮಳೆ ನಿಂತು ಹೊಳವಾದಾಗ ತೌಡಿಗೆ ಬೆಲ್ಲ ಕಲಸಿಕೊಂಡು ಹೊರಟಳು. ಉಪ್ಪು ಒಲ್ಲದ ಬಾಯಿ ಸಿಹಿಯನ್ನಾದರೂ ಮುಟ್ಟಲಿ ಎಂದು. ಅವಳು ಆ ಹೊತ್ತಿನಲ್ಲಿ ಗುಡ್ಡ ಹತ್ತಿದ್ದೇ ಇಲ್ಲ.

ಬೇಣದ ತಿರುವಿನಲ್ಲಿ ಜಟ್ಟನ ಸ್ಕೂಟರ್ ನಿಂತಿತ್ತು. ಗೇರುಮರದ ಬುಡದಲ್ಲಿ ಜಟ್ಟ, ಅವನ ಪಕ್ಕ ಮೂವತ್ತರ ಆಸುಪಾಸಿನ ಗುರುತಿಲ್ಲದ ಗಂಡಸು. ಆತ ಪ್ಲಾಸ್ಟಿಕ್ ಚೀಲದಿಂದ ಉಪ್ಪು ಮೊಗೆದು ಕೈ ಚಾಚಿದ್ದ. ಮಲ್ಲಿ ಆ ಕೈಯನ್ನು ಬೆರಳ ಸಂದಿನವರೆಗೂ ನೆಕ್ಕುತ್ತಿತ್ತು. ಬಾದಲ ತನ್ನ ಸರದಿಗೆಂಬಂತೆ ಆತನ ಭುಜಕ್ಕೆ ಮೂತಿ ತಾಗಿಸಿ ನಿಂತಿತ್ತು.

"ಎಡಗೈಲಿ ಕೊಡು ಅದಕ್ಕೆ," ಎಂದ ಜಟ್ಟ. "ಬಲಗೈಲಿ ಕುತ್ಗೆ ಸವರ್ತಾ ಇರ್ಬೇಕು. ಅವ್ಳು ಹಾಗೇ ಕೊಡೂದು."

ಗಣಪಿ ಕುರುಚಲು ಗಿಡಗಳ ಹಿಂದೆ ನಿಂತುಬಿಟ್ಟಳು. ತಾನು ಯಾವ ಕೈಯಲ್ಲಿ ಕೊಡುತ್ತೇನೆಂದು ಅವಳೇ ಯೋಚಿಸಿರಲಿಲ್ಲ. ಗಂಡ ಎಂದು ನೋಡಿದ್ದ, ಎಲ್ಲಿಂದ ನೋಡಿದ್ದ? ಆ ಗುರುತಿಲ್ಲದವನು ಮಲ್ಲಿಯ ಕೊರಳಿಗೆ ಹಗ್ಗ ಹಾಕಿ ಹತ್ತು ಹೆಜ್ಜೆ ನಡೆಸಿ, ಬಿಚ್ಚಿದ. ಮಲ್ಲಿ ಬಿಚ್ಚಿದ ಮೇಲೂ ಅವನ ಹಿಂದೆಯೇ ಹೋಯಿತು. ಇನ್ನೆರಡು ದಿನ ಸಾಕು ಎಂದು ಜಟ್ಟ ಅಂದದ್ದು ಕೇಳಿಸಿತು. ಗಣಪಿಗೆ ಮೊದಲು ಸಿಟ್ಟು ಬಂದದ್ದು ಮಲ್ಲಿಯ ಮೇಲೆ. ಮೂಕಪ್ರಾಣಿಯ ಮೇಲೆ ಸಿಟ್ಟಾದೆನಲ್ಲ ಎಂದು ಇಳಿಜಾರು ಇಳಿಯುವಾಗ ಹೊಳೆಯಿತು, ಕಣ್ಣು ತುಂಬಿತು. ತೌಡಿನ ಪಾತ್ರೆಯನ್ನು ಹಾಗೇ ಮನೆಗೆ ತಂದಿಟ್ಟಳು.

ಮಗಳು ಅಂಕಿತಾ ಭಟ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಬಸ್ಸಿಳಿದು ಬಂದವಳು ಒದ್ದೆ ಕೂದಲು ಬಿಡಿಸಿಕೊಳ್ಳುತ್ತಿದ್ದಾಗ ಗಣಪಿ ಸಾವಕಾಶ ಕೇಳಿದಳು, ಅಪ್ಪ ಕುದುರೆಗಳನ್ನು ಯಾರಿಗೆ ತೋರಿಸುತ್ತಿದ್ದಾರೆ ಎಂದು. ಅಂಕಿತಾಳ ಬಾಚಣಿಗೆ ನಿಂತಿತು.

"ಗೊತ್ತಾತಾ ಅಮ್ಮ?"

ಏನು, ಯಾರು, ಯಾವಾಗ ಎಂದು ಅವಳು ಕೇಳಿದ್ದರೆ ಗಣಪಿಗೆ ಅಷ್ಟು ನಾಟುತ್ತಿರಲಿಲ್ಲ. ಮಗಳು ತಲೆ ತಗ್ಗಿಸಿ ಎಲ್ಲ ಹೇಳಿದಳು. ಆತನ ಹೆಸರು ರೂಪೇಶ, ಕುಮಟಾ ಕಡೆಯವ. ಮದುವೆ ಮೆರವಣಿಗೆಗೆ, ಕಡಲತೀರದ ಸವಾರಿಗೆ ಕುದುರೆ ಇಟ್ಟವ, ಇವೆರಡನ್ನೂ ಕೊಳ್ಳುವವ. ಅಪ್ಪನಿಗೆ ಮಂಡಿನೋವು, ಮರಳಲ್ಲಿ ಓಡಾಡಲು ಆಗುವುದಿಲ್ಲ. ರೆಸಾರ್ಟ್ ಒಂದರಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ. ಹದಿನೈದು ದಿನದಿಂದ ರೂಪೇಶ ಬರುತ್ತಿದ್ದಾನೆ. ಮನೆಯ ಡಬ್ಬಿಯ ಉಪ್ಪು ತೆಗೆದರೆ ಅಮ್ಮನಿಗೆ ತಿಳಿಯುತ್ತದೆಂದು ಅವಳೇ ಭಟ್ಕಳದಿಂದ ಚೀಲ ತಂದುಕೊಟ್ಟಿದ್ದಳು.

"ನೀ ಅಳ್ತೆ ಅಂತ ಹೇಳ್ಲಿಲ್ಲ," ಎಂದಳು.

ಗಣಪಿ ಅಳಲಿಲ್ಲ. ಅನ್ನಕ್ಕೆ ಇಟ್ಟಳು, ಮೀನು ಹೆಚ್ಚಿದಳು. ಜಟ್ಟ ಬಂದು ಕಾಲು ತೊಳೆದು ಒಳಗೆ ಕೂತಾಗ ಮಗಳ ಮುಖ ನೋಡಿಯೇ ಅವನಿಗೆ ವಿಷಯ ತಿಳಿಯಿತು. ಅವನೇನೂ ದನಿ ಎತ್ತಲಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು, ಮರಳಿನ ಸವಾರಿ ಎಷ್ಟು ದಿನ ನಡೆದೀತು, ಪೇಟೆಯ ಮಕ್ಕಳಿಗೆ ಈಗ ನೀರಿನ ಮೇಲೆ ಓಡುವ ಬೈಕೇ ಬೇಕು ಎಂದು ನಿಧಾನಕ್ಕೆ ವಿವರಿಸಿದ. ಅದೆಲ್ಲ ನಿಜವೆಂದು ಗಣಪಿಗೂ ಗೊತ್ತಿತ್ತು. ಮತ್ತೆ ದಿನಾ ಯಾಕೆ ಆತ ಬಂದು ಉಪ್ಪು ತಿನ್ನಿಸುವುದು ಎಂದು ಕೇಳಿದಳು.

"ಹೊಸ ಕೈ ಅಭ್ಯಾಸ ಆಗ್ಬೇಕಲಾ. ಒಮ್ಮೆಲೇ ಕಳ್ಸಿದ್ರೆ ಪ್ರಾಣಿ ಹೆದರ್ತವೆ."

ಗಣಪಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಅವಕ್ಕೆ ಹೆದ್ರಿಕೆ ಆಗ್ತದೆ ಅಂತ ಹದಿನೈದು ದಿನ ಕೊಟ್ರಿ. ನಂಗೆ ಒಂದು ದಿನ ಕೊಟ್ಟಿದ್ರೆ ಸಾಕಿತ್ತು."

"ಹೇಳಿದ್ರೆ ನೀ ಬಿಡ್ತಿದ್ಯಾ?"

ಅವಳು ಒಲೆಯ ಉರಿ ತಗ್ಗಿಸಿದಳು. ಬಿಡುತ್ತಿದ್ದೆನೋ ಏನೋ. ಎರಡು ದಿನ ಜಗಳವಾಡಿ, ಒಂದು ದಿನ ಉಣ್ಣದೆ ಮಲಗಿ, ಕೊನೆಗೆ ತಾನೇ ಹಗ್ಗ ಹಿಡಿದು ಕೊಡುತ್ತಿದ್ದೆನೋ ಏನೋ. ಇನ್ನು ಅದು ಅವಳಿಗೂ ಗೊತ್ತಾಗುವಂತಿರಲಿಲ್ಲ. ಗಂಡ ಮಾತ್ರ ಕೇಳದೆಯೇ ಅವಳ ಪರವಾಗಿ ಉತ್ತರ ಹೇಳಿಕೊಂಡು ಮುಗಿಸಿದ್ದ.

ಆಮೇಲಿನ ಎರಡು ಬೆಳಿಗ್ಗೆ ಅವಳು ಗುಡ್ಡ ಹತ್ತಲಿಲ್ಲ. ಮೂರನೆಯ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಸಣ್ಣ ಲಾರಿ ಗುಡ್ಡದ ಕೆಳಗೆ ಬಂದು ನಿಂತ ಸದ್ದು ಕೇಳಿಸಿದಾಗ ಗಣಪಿ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಜಟ್ಟ ಏದುಸಿರು ಬಿಡುತ್ತ ಬಂದ. ಬಾದಲ ಹತ್ತಿದೆ, ಮಲ್ಲಿ ಮಾತ್ರ ಹಲಗೆಗೆ ಕಾಲಿಡುತ್ತಿಲ್ಲ, ನೀನೊಮ್ಮೆ ಬಾ ಎಂದ. ಅವಳು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಕೆಳಗಿನಿಂದ ಮಲ್ಲಿ ಕೆನೆಯುವುದು, ಕೂಡಲೇ ಕೋಲಿನ ಏಟಿನ ಸದ್ದು ಕೇಳಿಸಿತು. ಗಣಪಿ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು, ಗಂಡನನ್ನು ದಾಟಿ ಇಳಿದಳು.

ಮಲ್ಲಿಯ ಮೈಯೆಲ್ಲ ಬೆವರಿತ್ತು. ಗಣಪಿ ರೂಪೇಶನ ಮುಂದೆ ನಿಂತಳು.

"ಕೋಲು ಬಿಡು ತಮ್ಮ."

ಅವನು ಬಿಟ್ಟ. ಅಕ್ಕನಿಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ, ಜಟ್ಟಣ್ಣ ಹಾಗೇ ಹೇಳಿದ್ದ ಎಂದು ತಡವರಿಸಿದ. ಜಟ್ಟ ಉಪ್ಪಿನ ಚೀಲ ಮುಂದೆ ಹಿಡಿದ. ಗಣಪಿ ಅದನ್ನು ಮುಟ್ಟಲಿಲ್ಲ, ಮಲ್ಲಿಯನ್ನು ಕರೆಯಲೂ ಇಲ್ಲ. ಹಗ್ಗವನ್ನು ಅದರ ಕೊರಳಿಗೇ ಸುತ್ತಿ, ಬರಿಗೈಯಲ್ಲಿ ಹಲಗೆ ಹತ್ತಿ ಲಾರಿಯೊಳಗೆ ಹೋಗಿ, ಬೆನ್ನು ಹಾಕಿ ನಿಂತಳು. ಎಷ್ಟೋ ಹೊತ್ತು ಹಿಂದೆ ಏನೂ ಆಗಲಿಲ್ಲ. ಆಮೇಲೆ ಹಲಗೆ ಸದ್ದು ಮಾಡಿತು, ಇನ್ನೊಮ್ಮೆ ಮಾಡಿತು. ಅವಳ ಕುತ್ತಿಗೆಯ ಮೇಲೆ ಬಿಸಿಯುಸಿರು ಬಿತ್ತು.

ರೂಪೇಶ ಮಲ್ಲಿಯನ್ನು ಕಟ್ಟಿದ. ಇಳಿದು ಬಾ ಎಂದು ಜಟ್ಟ ಕೈ ಚಾಚಿದ. ಗಣಪಿ ಎರಡು ಕುದುರೆಗಳ ನಡುವೆ ಕಂಬಿ ಹಿಡಿದು ನಿಂತಲ್ಲೇ, ಬಾಗಿಲು ಹಾಕಲು ಡ್ರೈವರನಿಗೆ ಹೇಳಿದಳು.

"ನೀ ಎಲ್ಲಿಗೆ?"

"ಕುಮಟಾಕ್ಕೆ. ಎಲ್ಲಿ ಕಟ್ತಾರೆ ನೋಡ್ಬೇಕು."

ತಿರುಗಿ ಯಾವಾಗ ಬರುವೆ ಎಂದು ಅವನು ಕೇಳಿದ. ಬಸ್ಸಿಗೆ ಕಾಸಿದೆಯಾ, ಈ ಒದ್ದೆ ಸೀರೆಯಲ್ಲೇ ಹೋಗುತ್ತೀಯಾ ಎಂದು ಕೇಳಿದ. ಅವಳು ಅವನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಗುರುತು ಹಿಡಿಯಲು ನೋಡುವವಳ ಹಾಗೆ. ಲಾರಿ ಹೊರಟಾಗ ಜಟ್ಟ ನಾಲ್ಕು ಹೆಜ್ಜೆ ಕುಂಟುತ್ತ ಹಿಂದೆ ಬಂದು, ನಿಂತ.

ಹೆದ್ದಾರಿ ಸೇರಿದ ಮೇಲೆ ಗಾಳಿ ಜೋರಾಯಿತು. ಮುರುಡೇಶ್ವರದ ತಿರುವು ಹಿಂದೆ ಸರಿಯಿತು. ಹೊನ್ನಾವರದ ಮೊದಲು ಲಾರಿ ಶರಾವತಿಯ ಸೇತುವೆ ಏರಿದಾಗ ಚಕ್ರದ ಸದ್ದು ಬದಲಾಯಿತು. ಮಲ್ಲಿ ಬೆದರಿ ಕಾಲು ಅಗಲಿಸಿತು, ಕಿವಿ ನಿಮಿರಿಸಿತು. ಗಣಪಿ ಅದರ ದವಡೆಯನ್ನು ಹೆಗಲಿಗೆ ಒತ್ತಿಕೊಂಡಳು. ಕೆಳಗೆ ಮಳೆನೀರಿನ ಕೆಂಪು ಹೊಳೆ ಕಡಲಿನತ್ತ ಅಗಲವಾಗಿ ಹರಿಯುತ್ತಿತ್ತು. ಒಂದು ದೋಣಿ ಹರಿವಿಗೆ ಎದುರಾಗಿ, ಹೆಚ್ಚುಕಡಿಮೆ ನಿಂತ ಹಾಗೆಯೇ, ದಡದ ಕಡೆಗೆ ಬರುತ್ತಿತ್ತು.