ಬಲಗಿವಿಯ ದನಿ

ಹೊಸ ಹೆಡ್‌ಫೋನ್ ಇವತ್ತು ಬೆಳಿಗ್ಗೆ ತಂದುಕೊಟ್ಟಿದ್ದು ಅಕ್ಕ. ಹಳೆಯದರ ಬಲಗಿವಿ ಕೆಟ್ಟು ತಿಂಗಳಾಗಿತ್ತು. "ಒಂದೇ ಕಿವೀಲಿ ಕೇಳಿ ಪೂರ್ತಿ ತೀರ್ಪು ಕೊಡ್ತೀಯಲ್ಲೇ!" ಎಂದು ಛೇಡಿಸಿದಳು.

ಮಾತು ನಿಜ. ಯಾವ ಕಂಪನಿಯ ಹಂಗೂ ಇಲ್ಲದೆ ಮನೆಯಲ್ಲೇ ರೆಕಾರ್ಡ್ ಮಾಡುವ ಇಂಡೀ ರಾಕ್ ತಂಡಗಳ ಆಲ್ಬಮ್‌ ಹುಡುಕಿ ವಾರಪತ್ರಿಕೆಗೆ ವಿಮರ್ಶೆ ಬರೆಯುವುದು ನನ್ನ ಕೆಲಸ. ಯಾವ ಸದ್ದು ಯಾವ ಸೆಕೆಂಡಿಗೆ ಬಂತೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ನಿನ್ನೆ ಹಳೆಯ ಹೆಡ್‌ಫೋನಿನಲ್ಲೇ ಕೇಳಿದ್ದು ಹಿಂದೆಂದೂ ಹೆಸರು ಕೇಳಿರದ ಒಂದು ತಂಡದ ಆಲ್ಬಮ್. ಕೊನೆಯ ಹಾಡಿನಲ್ಲಿ ಗಿಟಾರ್ ನಿಂತ ಮೇಲೆ, ನಾಲ್ಕು ನಿಮಿಷ ಹತ್ತನೆಯ ಸೆಕೆಂಡಿಗೆ, ಮರದ್ದೇನೋ ಉರುಳಿ ಬೀಳುತ್ತದೆ. ಆಮೇಲೆ ಅರ್ಧ ನಿಮಿಷ ಬರೀ ಮೌನ. 'ಇಡೀ ಆಲ್ಬಮ್ಮಿನಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಈ ಮೌನ' ಎಂದು ಮುಗಿಸಿ ಕಳಿಸಿದ್ದೆ.

ಇವತ್ತು ಮಧ್ಯಾಹ್ನ ಸಂಪಾದಕರ ಫೋನ್. "ಪುಟ ಅಚ್ಚಿಗೆ ಹೋಗ್ತಿದೆ ಕಣಮ್ಮ. ಆ ಸೆಕೆಂಡುಗಳನ್ನೊಮ್ಮೆ ನೋಡಿಬಿಡು. ಹೋದ ಸಲ ಅದು ತಪ್ಪಾಗಿ ಓದುಗರು ನನ್ನ ಜೀವ ತಿಂದ್ರು."

ಹೊಸ ಹೆಡ್‌ಫೋನಿನಲ್ಲಿ ಕೊನೆಯ ಹಾಡು ಹಾಕಿದೆ. ಗಿಟಾರ್ ನಿಂತಿತು. ಬಲಗಿವಿಯಲ್ಲಿ, ತೀರ ಹತ್ತಿರದಿಂದ, ಅಕ್ಕನ ದನಿ:

"ಗುಬ್ಬೀ, ಸ್ಟೂಲ್ ಹಿಡ್ಕೋ ಬಾರೇ. ಕೂಗಿ ಕೂಗಿ ಗಂಟಲು ಹರೀತು."

ಬಿದ್ದ ಸದ್ದು. ಮೌನ.

ನನ್ನನ್ನು ಗುಬ್ಬಿ ಎನ್ನುವವಳು ಅವಳೊಬ್ಬಳೇ. ಹೆಡ್‌ಫೋನ್ ಕಿತ್ತೆ. ಮನೆಯಲ್ಲಿ ನಲ್ಲಿಯ ಹನಿ ಬಿಟ್ಟು ಬೇರೆ ಸದ್ದಿಲ್ಲ. ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಕೂಗು.

"ಗುಬ್ಬೀ, ಸ್ಟೂಲ್ ಹಿಡ್ಕೋ ಬಾರೇ. ಕೂಗಿ ಕೂಗಿ..."

ಮಾತು ಮುಗಿಯುವ ಮೊದಲೇ ಓಡಿದೆ. ಬಲ್ಬಿಗೆ ಕೈ ಚಾಚಿದ್ದ ಅಕ್ಕನ ಕಾಲಡಿ ಸ್ಟೂಲ್ ವಾಲುತ್ತಿತ್ತು. ಸೊಂಟ ಹಿಡಿದು ಎಳೆದೆ. ಸ್ಟೂಲ್ ಉರುಳಿತು, ನಿನ್ನೆ ಗುರುತು ಹಾಕಿಕೊಂಡ ಅದೇ ಸದ್ದು. ನಾವಿಬ್ಬರೂ ನೆಲದ ಮೇಲೆ.

"ಅಬ್ಬಾ, ಏನೇ ಇದು ಕುಸ್ತಿ!" ಅಕ್ಕ ನಕ್ಕಳು. ಅವಳನ್ನು ಬಿಡಲು ನನ್ನ ಕೈಗೆ ಮನಸ್ಸಿಲ್ಲ.

ಕೋಣೆಗೆ ಬಂದು ಹಾಡನ್ನು ಮತ್ತೆ ಕೇಳಿದೆ. ಸ್ಟೂಲ್ ಬಿತ್ತು. ಅದರ ಹಿಂದೆಯೇ ಅಕ್ಕನ ನಗು. ನಗು ನಿಂತ ಮೇಲೆ ಬಲಗಿವಿಯ ಪಕ್ಕದಲ್ಲೇ ಒಂದು ನಿಟ್ಟುಸಿರು. ಅದು ಅಕ್ಕನದಲ್ಲ, ನನ್ನದೂ ಅಲ್ಲ.

ಫೋನ್ ಮಾಡಿದೆ. "ಸರ್, ಕೊನೆಯ ಸಾಲು ತೆಗೆದುಬಿಡಿ."

"ಯಾಕಮ್ಮ? ಅದೇ ಚೆನ್ನಾಗಿತ್ತಲ್ಲ."

"ಆ ಮೌನ ಈಗ ಹಾಡಿನಲ್ಲಿಲ್ಲ."

ಅವರೇನೋ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕ ಸ್ಟೂಲನ್ನು ಎತ್ತಿ ನಿಲ್ಲಿಸಿದ ಸದ್ದು ಬಂತು. ಫೋನನ್ನು ಅಲ್ಲೇ ಬಿಟ್ಟು ಓಡಿದೆ.