ಡಾಕ್ಟರ ಜಾರುಬಂಡಿ

ಬೆಳಿಗ್ಗೆ ಶುರುವಾದ ವಾದ ಮಧ್ಯಾಹ್ನವಾದರೂ ಮುಗಿದಿರಲಿಲ್ಲ. ಊರಿನ ಪಂಚಾಯಿತಿ ಸಭೆ ಸೇರಿದ್ದ ಕೋಣೆಯ ಕಿಟಕಿಗೆ ಅರ್ಧದವರೆಗೂ ಹಿಮ ಏರಿತ್ತು. ಅಧ್ಯಕ್ಷ ಉಸುಯಿ ಮುಂದಿಟ್ಟದ್ದು ಸರಳವಾದ ಮಾತು: ಪ್ರತಿ ಮನೆಯೂ ಕೈಲಾದಷ್ಟು ಕೊಡಬೇಕು; ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಖರ್ಚಿನ ಯೋಚನೆಯಿಲ್ಲದೆ ಡಾಕ್ಟರನ್ನು ಕಾಣುವಂತಾಗಬೇಕು. ಅವನನ್ನು ಬಿಟ್ಟು ಒಂಬತ್ತು ಸದಸ್ಯರಲ್ಲಿ ನಾಲ್ವರು ಹೌದೆಂದರು, ನಾಲ್ವರು ಬೇಡವೆಂದರು. ಉಳಿದವನು ತೊಮೆಕಿಚಿ.

“ಅರವತ್ತೆರಡು ವರ್ಷದಲ್ಲಿ ನಾನು ಒಂದು ಮಾತ್ರೆನೂ ನುಂಗಿಲ್ಲ,” ಎಂದ ಅವನು. “ಪಕ್ಕದ್ಮನೆಯವನ ಹೊಟ್ಟೆನೋವಿಗೆ ನಾನ್ಯಾಕೆ ಕೊಡ್ಲಿ?”

“ಪಕ್ಕದ್ಮನೆ ಸೂರಿನ ಹಿಮ ಎಳೆಯೋಕೆ ಮಾತ್ರ ಕರೀದೆ ಹೋಗ್ತೀರಲ್ಲ,” ಎಂದ ಉಸುಯಿ.

“ಹಿಮ ಎಲ್ಲರ ಮನೆ ಮೇಲೂ ಬೀಳತ್ತೆ.”

“ಕಾಯಿಲೆ ಏನು, ವಿಳಾಸ ಕೇಳ್ಕೊಂಡು ಬರತ್ತಾ?”

ಎಲ್ಲರೂ ನಕ್ಕರು. ಅಷ್ಟರಲ್ಲಿ ಯಾರೋ ಕಿಟಕಿಯತ್ತ ಕೈ ತೋರಿಸಿದರು. ಕುದುರೆ ಎಳೆಯುತ್ತಿದ್ದ ಡಾಕ್ಟರ ಜಾರುಬಂಡಿ ಹಿಮದ ಮೇಲೆ ಜಾರುತ್ತ ಗುಡ್ಡ ಹತ್ತಿ ಇವಾಬುಚಿ ಮನೆಯ ಕಡೆ ತಿರುಗುತ್ತಿತ್ತು. ನಗು ನಿಂತಿತು.

ಆ ಊರಿನಲ್ಲಿ ಡಾಕ್ಟರನ್ನು ಮನೆಗೆ ಕರೆಸುತ್ತಿದ್ದದ್ದು ಯಾರಾದರೂ ಸತ್ತ ಮೇಲೆ, ಸಾವಿನ ಪತ್ರ ಬರೆಸುವುದಕ್ಕೆ ಮಾತ್ರ. ತೊಮೆಕಿಚಿಯ ಮನೆಗೂ ಆ ಬಂಡಿ ಮೂರು ಸಲ ಬಂದಿತ್ತು, ಮೂರು ಸಲವೂ ಮಕ್ಕಳಿಗಾಗಿ. ಸಾವಿನ ಮನೆಗೆ ಒಯ್ಯಲೆಂದೇ ಸಭೆಯ ಕಪಾಟಿನಲ್ಲಿಟ್ಟಿದ್ದ ಊದುಬತ್ತಿಯ ಕಟ್ಟನ್ನು, ಹಿರಿಯನಾದ್ದರಿಂದ, ಅವನೇ ಎತ್ತಿಕೊಂಡ. ಎಲ್ಲರೂ ಹಿಮ ತುಳಿಯುತ್ತ ಹೊರಟರು.

ಬಾಗಿಲಲ್ಲಿ ಇವಾಬುಚಿ ಮನೆಯ ಅಜ್ಜಿ ಕಿಯೊ ನಿಂತಿದ್ದಳು. ತೊಮೆಕಿಚಿ ತಲೆ ಬಾಗಿಸಿದ.

“ಕಿಯೊ ಅಕ್ಕ, ಬಹಳ ದುಃಖ ಆಯ್ತು. ಯಾರು ಹೋಗಿದ್ದು?”

“ಯಾರೂ ಹೋಗಿಲ್ಲ. ಒಳಗೆ ಬಂದು ಬಾಗ್ಲು ಹಾಕು, ಚಳಿ,” ಎಂದಳು ಅಜ್ಜಿ. “ಮೊಮ್ಮಗೂಗೆ ಉಸಿರು ಕಟ್ತಿದೆ. ಜೀವ ಇರುವಾಗ್ಲೇ ಡಾಕ್ಟ್ರು ನೋಡ್ಲಿ ಅಂತ ಮನೆಮನೆ ಸುತ್ತೋ ನರ್ಸಮ್ಮ ಬೆಳಿಗ್ಗೆಯಿಂದ ಹಟ ಹಿಡಿದ್ಲು. ಹೂಂ ಅಂದೆ.”

ಕೋಣೆಯ ನಡುವಿನ ಒಲೆಯ ಸುತ್ತ ಅವರು ಮೊಣಕಾಲೂರಿ ಕೂತರು. ಐದು ತಿಂಗಳ ಮಗು. ತುಟಿಗೆ ಉಪ್ಪಿನಲ್ಲಿಟ್ಟ ಬದನೆಕಾಯಿಯ ಕಡುನೀಲಿ ಬಣ್ಣ. ಡಾಕ್ಟರು ತೆಳುವಾದ ರಬ್ಬರ್ ನಳಿಕೆಯೊಂದನ್ನು ಅದರ ಗಂಟಲಿಗಿಳಿಸಿ, ಇನ್ನೊಂದು ತುದಿಯಿಂದ ತಮ್ಮ ಬಾಯಲ್ಲೇ ಕಫ ಎಳೆದು ಬಟ್ಟಲಿಗೆ ಉಗಿದರು. ಮತ್ತೆ ಎಳೆದರು, ಮತ್ತೆ ಉಗಿದರು. ಆಮೇಲೆ ಬಂಡಿಯಲ್ಲಿ ತಂದಿದ್ದ ಕಪ್ಪು ಆಕ್ಸಿಜನ್ ಸಿಲಿಂಡರಿನ ತಿರುಪು ಬಿಚ್ಚಿದರು. ಸುಯ್ ಎಂಬ ಸದ್ದು. ಮಗುವಿನ ಎದೆಯ ಮೇಲೆ ಅವರ ಕೈ ಅಗಲವಾಗಿ ಹರಡಿತ್ತು. ಬದುಕಿರುವ ಮಗುವಿನ ಮೇಲೆ ಡಾಕ್ಟರ ಕೈಯನ್ನು ತೊಮೆಕಿಚಿ ಈವರೆಗೆ ಕಂಡಿರಲಿಲ್ಲ.

ಅವನು ಉಸಿರು ಎಣಿಸತೊಡಗಿದ. ನಲವತ್ತು ದಾಟುವಷ್ಟರಲ್ಲಿ, ಬೂದಿಯೊಳಗಿನ ಕೆಂಡಕ್ಕೆ ಗಾಳಿ ತಾಗಿದ ಹಾಗೆ, ತುಟಿಯ ನಡುವೆ ಸಣ್ಣ ಕೆಂಪು ಕಾಣಿಸಿತು. ಅದು ಅಂಚಿಗೆ ಹರಡಿತು. ಆಮೇಲೆ ಕೆನ್ನೆ, ಆಮೇಲೆ ಕಿವಿ. ಮಗು ಒಡಕು ದನಿಯಲ್ಲಿ ಒಮ್ಮೆ ಅತ್ತು ನಿದ್ದೆಹೋಯಿತು. ಅವನಿಗೆ ಎಣಿಕೆ ತಪ್ಪಿತು.

“ಇಂಜೆಕ್ಷನ್ ಕೊಡ್ತೀನಿ. ಇನ್ನೆರಡು ದಿನ ಕಳೀದೆ ಏನೂ ಹೇಳಕ್ಕಾಗಲ್ಲ,” ಎಂದರು ಡಾಕ್ಟರು. “ಯಾರೂ ಮಾತಾಡ್ಬೇಡಿ, ಮಲಗ್ಲಿ.”

ತೊಮೆಕಿಚಿ ಪಿಸುಗುಟ್ಟಿದ: “ಡಾಕ್ಟ್ರೇ, ಇದನ್ನ ಮುಂಚೆನೂ ಮಾಡಕ್ಕಾಗ್ತಿತ್ತಾ?”

“ಸಿಲಿಂಡರ್ ಹೊಸದು. ಕಫ ತೆಗೆಯೋದು ನಮ್ಮ ಗುರುಗಳ ಕಾಲದಿಂದ್ಲೂ ಇದೆ. ಕರೆದಿದ್ರೆ ಬರ್ತಿದ್ರು.”



ಉಸುಯಿ ಎಲ್ಲರ ಮುಖ ನೋಡಿ, ಮಾತಾಡದೆ, ಕೈ ಎತ್ತಿ ತೋರಿಸಿದ. ಮತ ಕೇಳುತ್ತಿದ್ದಾನೆಂದು ಎಲ್ಲರಿಗೂ ಅರ್ಥವಾಯಿತು. ಒಲೆಯ ಸುತ್ತ ನಾಲ್ಕು ಕೈಗಳು ಸದ್ದಿಲ್ಲದೆ ಎದ್ದವು. ತೊಮೆಕಿಚಿಯ ಬಲಗೈಯಲ್ಲಿ ಊದುಬತ್ತಿಯ ಕಟ್ಟಿತ್ತು. ಅದನ್ನು ಚಾಪೆಯ ಮೇಲಿಟ್ಟು ಅವನೂ ಕೈ ಎತ್ತಿದ.

ಕಿಯೊ ಅಜ್ಜಿ ಕಟ್ಟನ್ನು ತನ್ನತ್ತ ಎಳೆದುಕೊಂಡು ಅವನ ಕಿವಿಯಲ್ಲಿ ಹೇಳಿದಳು: “ಇದು ನನಗಿರ್ಲಿ ಬಿಡು. ನನಗೇನೂ ಅವಸರ ಇಲ್ಲ.”

ಅವನಿಗೆ ಕೇಳಿಸಿದಂತಿರಲಿಲ್ಲ. ಮಿಕ್ಕವರೆಲ್ಲ ಕೈ ಇಳಿಸಿದ್ದರು. ಅವನ ಕೈ ಇನ್ನೂ ಮೇಲೆಯೇ ಇತ್ತು. ಕಣ್ಣು ಆ ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತಿತ್ತು.