ಗೋಡೆ ಕುಡಿದ ನೀರು

ಅದು ೧೯೩೭ರ ಬೇಸಿಗೆಯ ಆರಂಭ. ಪ್ರತಿ ಭಾನುವಾರ ಊಟ ಮುಗಿದದ್ದೇ ತಡ, ನಿಜಲಿಂಗಪ್ಪ ಟಾಂಗಾ ತರಿಸಿ, ಹೆಂಡತಿ ಶಿವಗಂಗವ್ವನನ್ನು ಕೂರಿಸಿಕೊಂಡು, ಪುಣೆಯ ಲಕಡಿ ಪೂಲ್ ಸೇತುವೆ ದಾಟಿ ತಮ್ಮ ಹೊಸ ಮನೆ ನೋಡಲು ಹೊರಡುತ್ತಿದ್ದ. ಇನ್ನೂ ಕದವೇ ಕೂರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸಿಮೆಂಟಿನ ಧೂಳಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ. ಖಡಕಿಯ ಕಾರಖಾನೆಯಲ್ಲಿ ಹೆಡ್ ಕ್ಲಾರ್ಕ್ ಆದವನು ಸಾಹೇಬರ ಮುಂದೆ ಎಷ್ಟು ಬಾಗುತ್ತಿದ್ದನೋ, ಈ ಗೋಡೆಗಳ ನಡುವೆ ಅಷ್ಟೇ ನೆಟ್ಟಗೆ ನಿಲ್ಲುತ್ತಿದ್ದ. ಯಾಕೆ ನಿಲ್ಲಬಾರದು? ಧಾರವಾಡ, ವಿಜಾಪುರ ಕಡೆಯಿಂದ ಹೊಟ್ಟೆಪಾಡಿಗೆ ಪುಣೆಗೆ ಬಂದ ಹತ್ತಾರು ಮನೆತನಗಳನ್ನು ಕೂಡಿಸಿ, ಗುಡ್ಡದ ಬದಿಯ ಹೊಲ ಹಿಡಿದು, ಈ ಬಡಾವಣೆಯ ಸೊಸೈಟಿ ಕಟ್ಟಿದ ಕಾರ್ಯದರ್ಶಿ ಅವನೇ.

ಶಿವಗಂಗವ್ವನ ಕಣ್ಣು ಮಾತ್ರ ನಲ್ಲಿ ಕೂರಿಸುವ ಜಾಗಗಳ ಮೇಲೆ. ಅಡುಗೆಮನೆಗೊಂದು, ಬಚ್ಚಲಿಗೊಂದು, ಮಹಡಿಗೊಂದು. ಅವರು ಬಾಡಿಗೆಗಿದ್ದ ಶುಕ್ರವಾರ ಪೇಟೆಯ ವಾಡೆಯಲ್ಲಿ ಅಷ್ಟೂ ಬಿಡಾರಗಳಿಗೆ ಇದ್ದದ್ದು ಅಂಗಳದ ಒಂದೇ ನಲ್ಲಿ. ಮದುವೆಯಾಗಿ ಬಂದಾಗಿನಿಂದ ಅವಳ ಸರದಿ ಬಂದಾಗಲೆಲ್ಲ ಯಾರಾದರೊಬ್ಬರು ‘ಕಾನಡೀ ಬಾಯಿ, ಜರಾ ಥಾಂಬಾ’, ಕನ್ನಡದವಳೇ ಸ್ವಲ್ಪ ತಡಿ, ಎಂದು ಮರಾಠಿಯಲ್ಲಿ ಹೇಳಿ ತಮ್ಮ ಕೊಡ ಮುಂದೆ ಸರಿಸುತ್ತಿದ್ದರು. ಹೀಗೆ ತಡೆದು ತಡೆದು ಅರ್ಧ ಆಯುಷ್ಯ ಕಳೆದವಳಿಗೆ ಸ್ವಂತ ಅಡುಗೆಮನೆಯಲ್ಲಿ ನಲ್ಲಿಯ ಕಿವಿ ತಿರುವಿದರೆ ನೀರು ಬರುವುದೆಂದರೆ ಸಣ್ಣ ಮಾತಲ್ಲ.

ಅಂಥ ಒಂದು ಭಾನುವಾರ ಹಿತ್ತಲ ಗೋಡೆಗೆ ಒಬ್ಬ ಹೆಂಗಸು ನೀರು ಹೊಡೆಯುತ್ತಿದ್ದಳು. ಹೊಸ ಗೋಡೆ ಗಟ್ಟಿಯಾಗಬೇಕಾದರೆ ವಾರಗಟ್ಟಲೆ ಅದಕ್ಕೆ ನೀರುಣಿಸಬೇಕು, ಆ ಕೆಲಸ. ಡಬ್ಬಿ ಇಳಿಸುವಾಗ ಅವಳು ‘ಯವ್ವಾ’ ಎಂದದ್ದು ಕೇಳಿ ಶಿವಗಂಗವ್ವ ತಿರುಗಿ ನೋಡಿದಳು.

“ಯಾವೂರವ್ವಾ ನಿಂದು?”

“ಬಾಗಲಕೋಟಿ ಕಡೇರಿ. ಕಲ್ಲವ್ವ ಅಂತಾರ್ರಿ ನನಗ. ಕಲ್ಲ ಒಡಿಯೂ ಮಂದಿ ನಾವು. ಇಲ್ಲೇ ಗುಡ್ಡದ ಬುಡಕ ಗುಡಸಲಾ ಹಾಕ್ಕೊಂಡೀವ್ರಿ.”

“ಬಿಸಲಿಗೆ ಗಂಟಲಾ ಒಣಗೇದ. ಒಂದೀಟು ನೀರು ಕೊಡು.”

ಕಲ್ಲವ್ವ ಗಾಬರಿಯಾಗಿ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು. “ಬ್ಯಾಡ್ರಿ ಅಕ್ಕಾರ. ನಮ್ಮ ಕೈಯಾಗಿಂದು ಅನ್ನೂದು ಹಂಗಿರಲಿ, ಇದನ್ನ ನಮ್ಮ ಮಕ್ಕಳಿಗೂ ಸೋಸಿ ಸೋಸಿ ಕುಡಸತೀವ್ರಿ.”

ಶಿವಗಂಗವ್ವ ಬಗ್ಗಿ ನೋಡಿದಳು. ನೀರು ಬೆಲ್ಲದ ಪಾಕದ ಬಣ್ಣಕ್ಕಿತ್ತು.

“ಎಲ್ಲಿಂದ ತರತಿ ಇದನ್ನ?”

“ನಮ್ಮ ಬಾವಿದರಿ. ಹ್ವಾದ ವರ್ಷ ಈ ದಿನಕ್ಕ ಎದೀಮಟಾ ನೀರಿತ್ತು. ಈ ಮನಿಗೋಳು ಏಳಾಕ ಹತ್ತಿದ ಮ್ಯಾಲ ತಳಾ ಕಂಡೇತಿ. ಗೋಡಿ ಭಾಳ ಕುಡಿತಾವ್ರಿ.” ಯಾರದೋ ತಿಂಡಿಪೋತ ಎತ್ತಿನ ಬಗ್ಗೆ ಹೇಳುವಂತೆ, ದೂರುವ ದನಿಯೇ ಇಲ್ಲದೆ ಅವಳು ಹೇಳಿದಳು.

ಗಂಡ ಬಡಗಿಯ ಹತ್ತಿರ ಮಾತಿಗೆ ನಿಂತಿದ್ದ. ಶಿವಗಂಗವ್ವ ಕಲ್ಲವ್ವನ ಹಿಂದೆ ಗುಡಿಸಲುಗಳ ಕಡೆ ನಡೆದಳು. ಬಾವಿಯ ತಳದಲ್ಲಿ ಒಬ್ಬಳು ಚಿಪ್ಪಿನಿಂದ ನೀರು ಗೋರುತ್ತಿದ್ದಳು, ಮೇಲೊಬ್ಬಳು ಹಗ್ಗ ಹಿಡಿದಿದ್ದಳು. ಬಾವಿಯ ಪಕ್ಕದಲ್ಲೇ ಬಡಾವಣೆಗೆ ಹೋಗುವ ನೀರಿನ ಕೊಳವೆಗೆಂದು ಕಾಲುವೆ ತೋಡಿದ್ದರು. ಒಂದು ಕಡೆ ಅದರಿಂದ ಮೊಣಕಾಲೆತ್ತರದ ತುಂಡು ಕೊಳವೆಯೊಂದು ಎದ್ದು ನಿಂತಿತ್ತು. ಅದರ ಬಾಯಿಗೆ ಕಬ್ಬಿಣದ ಮುಚ್ಚಳ.

“ಇಲ್ಲಿ ನಮಗೊಂದು ನಳಾ ಕೂಡಸತೀವಿ ಅಂದಿದ್ರು,” ಎಂದಳು ಕಲ್ಲವ್ವ. “ಹ್ವಾದ ವಾರ ಬಂದು ಮುಚ್ಚಳಾ ಬಡದು ಹ್ವಾದ್ರು. ಬಂಗಲೇದವರು ಬ್ಯಾಡ ಅಂದ್ರಂತ.”

“ಯಾವ ಬಂಗಲೇದವರು?”

ಕಲ್ಲವ್ವ ಅವಳ ಮುಖ ನೋಡಿ, ಬಾವಿಯ ಹಗ್ಗಕ್ಕೆ ಕೈ ಹಾಕಿದಳು.

ಟಾಂಗಾ ಹೊರಟ ಕೂಡಲೇ ಶಿವಗಂಗವ್ವ ಕೇಳಿದಳು, “ಆ ನಳಕ್ಕ ಮುಚ್ಚಳಾ ಹೊಡಿಸಿದವರು ಯಾರು?”

ನಿಜಲಿಂಗಪ್ಪ ಸುಳ್ಳು ಹೇಳುವ ಜಾಯಮಾನದವನಲ್ಲ. “ಸೊಸೈಟಿ. ಅಂದ್ರ ನಾನ.”

“ಯಾಕ?”

“ಸಮಾಧಾನದಿಂದ ಕೇಳು. ಮುನ್ಸಿಪಾಲಿಟಿಯವರು ದೊಡ್ಡ ಕೊಳವಿ, ಹೊಸಾ ನೀರಿನ ಟಾಕಿ ಎಲ್ಲಾ ಮಾಡವರಿದ್ದಾರ. ಎರಡು ವರ್ಷ ಬಿಟ್ಟು ಮನಿ ಕಟ್ಟರಿ ಅಂದ್ರು. ನಮ್ಮ ಮಂದಿಗೆ ಅಷ್ಟು ತಡಿಯೂ ದಮ್ಮ ಇರಲಿಲ್ಲ, ಕಟ್ಟಿಬಿಟ್ಟೀವಿ. ಅದಕ್ಕ ಸದ್ಯಾಕ್ಕ ಸಣ್ಣ ಕೊಳವಿ ಎಳದು ಕೊಡಾಕತ್ತಾರ. ನಡುವ ಗುಡಸಲದಾಗ ಒಂದು ನಳಾ ಇಟ್ಟರ ನಮ್ಮ ಮಹಡಿಗೆ ನೀರು ಏರಂಗಿಲ್ಲ. ಹೊಟ್ಟಿ ಬಟ್ಟಿ ಕಟ್ಟಿ ಮನಿ ಮಾಡಿಕೊಂಡವರಿಗೆ ನಾ ಏನ್ ಉತ್ತರಾ ಕೊಡ್ಲಿ?”

“ಅಷ್ಟನೋ, ಇನ್ನೂ ಏನರ ಅದನೋ?”

ಅವನು ಕೆಮ್ಮಿದ. “ಕಮಿಟ್ಯಾಗಿನ ಈರಬಸಪ್ಪನಂಥವರು ಇನ್ನೊಂದು ಮಾತು ಅಂತಾರ. ಆ ಮಂದಿ ಮುಟ್ಟಿದ ಕೊಳವಿಯಿಂದನ ನಮ್ಮ ಪೂಜಿಗೂ ನೀರು ಬರಬೇಕೇನು ಅಂತ. ನಾ ಹಂಗ ಅನ್ನಂಗಿಲ್ಲ. ಆದ್ರ ಎಲ್ಲಾರನ್ನೂ ಎದುರ ಹಾಕ್ಕೊಂಡು ಸೊಸೈಟಿ ನಡಿಯಂಗಿಲ್ಲ.”

“ನೀರಿಗಿಂತ ಮೊದಲ ಮನಿ ಕಟ್ಟಿದ ಅವಸರ ನಿಮ್ಮದು. ಬಾಯಾರಿ ಸಾಯವರು ಅವರು?”

“ದೊಡ್ಡ ಕೊಳವಿ ಬಂದ ಮ್ಯಾಲ ಅವರಿಗೂ ಕೊಡಸೋಣು.”

“ಅಲ್ಲೀತನಕಾ ಏನ್ ಕುಡೀಬೇಕು ಅಂತ ನೀವ ಹೋಗಿ ಅವರಿಗೆ ಹೇಳಿ ಬರ್ರಿ.”

ಅವನು ಹೋಗಲಿಲ್ಲ. ಮುಂದಿನ ವಾರಗಳಲ್ಲಿ ಅವಳು ಮಾತು ತೆಗೆದಾಗಲೆಲ್ಲ ಅವನಿಗೆ ಕಚೇರಿಯ ಕೆಲಸ ನೆನಪಾಗುತ್ತಿತ್ತು. ಅಷ್ಟರಲ್ಲಿ ಮನೆಗೆ ಬಾಗಿಲು ಬಂತು, ಬಣ್ಣ ಬಂತು, ಕೊಳವೆಗೆ ನೀರೂ ಬಂತು. ಮಳೆಗಾಲಕ್ಕೆ ಮೊದಲೇ ಗೃಹಪ್ರವೇಶವೆಂದು ನಿಶ್ಚಯವಾಯಿತು.

ಅವರ ಕಡೆ ಹೊಸ ಮನೆ ಹೊಗುವ ಮೊದಲು ಗಂಗೆ ತರುವ ಪದ್ಧತಿ. ಮುತ್ತೈದೆಯರು ವಾದ್ಯದೊಂದಿಗೆ ಹೋಗಿ, ಅರಿಸಿನ ಕುಂಕುಮ ಏರಿಸಿ ಕೊಡ ತುಂಬುತ್ತಾರೆ. ಮನೆಯೊಡತಿ ಆ ಕೊಡ ಹೊತ್ತು ಮೊದಲು ಹೊಸ್ತಿಲು ದಾಟಬೇಕು, ಅವಳು ದಾಟದೆ ಇನ್ಯಾರೂ ದಾಟುವಂತಿಲ್ಲ. ಗಂಡಸರು ಎಷ್ಟು ಸೊಸೈಟಿ ಬೇಕಾದರೂ ಕಟ್ಟಲಿ, ಈ ಒಂದು ಹೆಜ್ಜೆ ಮಾತ್ರ ಹೆಂಗಸಿನದು.

ಬಡಾವಣೆಯ ಓಣಿಯ ತುದಿಯಲ್ಲಿ ಹೊಸ ನಲ್ಲಿಗೆ ಮಾವಿನ ತೋರಣ ಕಟ್ಟಿದ್ದರು. ಶಿವಗಂಗವ್ವ ಅದನ್ನು ದಾಟಿ ಮುಂದೆ ನಡೆದಳು.

“ಅಕ್ಕಾರ, ಇಲ್ಲೇರಿ!” ಎಂದು ಕೂಗಿದಳು ಗೌರಾಬಾಯಿ. ಇವಳು ಬಟ್ಟೆ ಅಂಗಡಿಯ ಈರಬಸಪ್ಪನ ಹೆಂಡತಿ, ಪಕ್ಕದ ಮನೆಯವಳು.

“ನನ್ನ ಮನಿ ಕುಡದು ಬೆಳದದ್ದು ಈ ನೀರಲ್ಲ, ಗೌರಾಬಾಯಿ. ಬರೂದಿದ್ರ ಬರ್ರಿ.”

ಸನಾದಿಯವರಿಗೆ ಊದಬೇಕೋ ನಿಲ್ಲಿಸಬೇಕೋ ತಿಳಿಯಲಿಲ್ಲ. ಊದುತ್ತಲೇ ಹಿಂದೆ ಹೋದರು. ಕುತೂಹಲ ತಡೆಯದೆ ಹೆಂಗಸರೂ ಹೋದರು.

ಗುಡಿಸಲುಗಳ ಬಾವಿಕಟ್ಟೆಗೆ ಅವಳು ಅರಿಸಿನ ಹಚ್ಚುವುದನ್ನು ಕಲ್ಲವ್ವ ನಿಂತು ನೋಡಿದಳು. ಪಕ್ಕದಲ್ಲಿ ಬೆಳಗಿನಿಂದ ಗೋರಿದ ನೀರು, ಒಂದು ಡಬ್ಬಿಯೂ ತುಂಬಿರಲಿಲ್ಲ. ಶಿವಗಂಗವ್ವ ಕೊಡ ಚಾಚಿದಾಗ ಕಲ್ಲವ್ವನ ತಾಳ್ಮೆ ಮುಗಿಯಿತು.

“ಇಷ್ಟ ಉಳದೇತಿ, ಇದನ್ನೂ ಒಯ್ಯತೀರೇನ್ರಿ?”

ಸನಾದಿ ನಿಂತಿತು. ಶಿವಗಂಗವ್ವನ ಮುಖ ಕೆಂಪಾಯಿತು. ಚಾಚಿದ ಕೊಡವನ್ನು ನಾಚಿಕೆಯಿಂದ ಹಿಂದಕ್ಕೆ ಎಳೆದುಕೊಂಡಳು.

“ಒಂದು ತಂಬಿಗಿ ಕೊಡು ಸಾಕು. ತಿರುಗಿ ಕೊಡಲಿಕ್ಕೆ ಆಗಲಿಲ್ಲಂದ್ರ ಆ ಮನಿ ನನಗ ಬ್ಯಾಡ.”

ಕಲ್ಲವ್ವ ಡಬ್ಬಿ ಬಗ್ಗಿಸಿ, ಕೊಡಕ್ಕೆ ಒಂದು ತಂಬಿಗೆ ಸುರಿದಳು.

ಹೊಸ ಮನೆಯ ಮುಂದೆ ಚಪ್ಪರದ ತುಂಬ ಜನ. ಕೊಡದಲ್ಲಿ ಇಣುಕಿದ ಈರಬಸಪ್ಪ ಹೌಹಾರಿದ. “ಏನಿದು, ರಾಡಿ?”

“ನಿಮ್ಮ ಮನೀ ಗೋಡಿಗೂ ಇದನ್ನ ಹೊಡದಾರ. ಇವತ್ತ ನೋಡಿದ್ರೇನು?” ಎಂದವಳೇ ಶಿವಗಂಗವ್ವ ಕೊಡವನ್ನು ಹೊಸ್ತಿಲ ಹೊರಗೆ ಇಳಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. “ಅವರ ನಳದ ಮುಚ್ಚಳಾ ತಗಿಯೂತನಕಾ ನಾ ಒಳಗ ಬರಂಗಿಲ್ಲ. ಒತ್ತಾಯ ಮಾಡಿದ್ರ ವಾಡೇಕ್ಕ ತಿರುಗಿ ಹೋಗತೀನಿ.”

ಹೇಳಿದ್ದು ಗಟ್ಟಿಯಾಗಿಯೇ. ಒಳಗೊಳಗೆ ಮಾತ್ರ ಅಳುಕು. ಗಂಡ ‘ಹೋಗು’ ಎಂದುಬಿಟ್ಟರೆ? ಬಾಗಿಲಿನಿಂದಲೇ ಅಡುಗೆಮನೆಯ ಹಿತ್ತಾಳೆ ನಲ್ಲಿ ಕಾಣುತ್ತಿತ್ತು. ಅದು ಬೇಕೆಂಬ ಆಸೆ ಅವಳಿಗೆ ಆಗಲೂ ಸತ್ತಿರಲಿಲ್ಲ.

“ನಾವೇನು ಯಾರದರ ಕಸಕೊಂಡೀವೇನು?” ಈರಬಸಪ್ಪನ ದನಿ ಏರಿತು. “ಹೆಗಲಮ್ಯಾಲ ಸೀರಿ ಗಂಟು ಹೊತ್ತು ಊರೂರು ತಿರಗಿ ಮ್ಯಾಲ ಬಂದಾವ ನಾ. ನನ್ನ ಹೆಂಡತಿ ವಾಡೇದಾಗ ಮೂರನೇ ಮಾಳಿಗಿಗೆ ನೀರು ಹೊತ್ತು ಸೊಂಟಾ ಮುರಕೊಂಡಾಳ. ಇನ್ನರ ಆಕಿಗೆ ಮಹಡಿಮ್ಯಾಲ ನೀರು ಬರಲಿ ಅಂದದ್ದು ತಪ್ಪೇನು?”

ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಅವನ ಹೆಂಡತಿ ಗೌರಾಬಾಯಿಯೇ ಎದುರಾಡಿದಳು. ಆಕೆ ತನ್ನ ಕೊಡವನ್ನೂ ಇಳಿಸಿ, ಸೊಂಟ ಹಿಡಿದುಕೊಂಡು ಶಿವಗಂಗವ್ವನ ಪಕ್ಕ ಕುಳಿತಳು. “ನನ್ನ ಸೊಂಟಾ ಮುಂದ ಮಾಡಿ ಮಾತಾಡಬ್ಯಾಡ್ರಿ. ಆ ಹೆಣಮಕ್ಕಳ ಸೊಂಟಾ ಏನ್ ಕಬ್ಬಣದ್ದೇನು?”

ಪೂಜೆಗೆ ಬಂದ ಅಯ್ಯನವರು ಇನ್ನೊಂದು ಮನೆಗೆ ಹೋಗಬೇಕಿದ್ದವರು. “ಮುಹೂರ್ತ ದಾಟತದವ್ವಾ,” ಎಂದರು.

“ದಾಟಲಿ,” ಎಂದಳು ಶಿವಗಂಗವ್ವ. ಅದು ದಾಟಿಯೂ ಹೋಯಿತು.

ನಿಜಲಿಂಗಪ್ಪ ಬೆವರು ಒರೆಸಿಕೊಂಡು ನೀರು ಸರಬರಾಜಿನ ಓವರಸಿಯರ್ ಮೋಹನದಾಸ್ ಕಡೆ ನೋಡಿದ. ಮಂಗಳೂರಿನ ಆ ಮನುಷ್ಯ ಊಟಕ್ಕೆಂದು ಬಂದು ಸಿಕ್ಕಿಬಿದ್ದಿದ್ದ.

“ನೀವು ಬೇಡ ಅಂದದ್ದಕ್ಕೆ ಮುಚ್ಚಿದ್ದು ಮಾರಾಯ್ರೆ,” ಎಂದ ಅವನು. “ಬೇಕು ಅಂದ್ರೆ ನಾಳೆಯೇ ತೆಗೆಸ್ತೇನೆ. ದೊಡ್ಡ ಕೊಳವೆ ಬರುವವರೆಗೆ ಮಹಡಿಗೆ ನೀರು ಏರುವುದಿಲ್ಲ. ಮತ್ತೆ ನನ್ನನ್ನು ಬಯ್ಯಬೇಡಿ, ಅಷ್ಟೇ.”

ನಿಜಲಿಂಗಪ್ಪ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, “ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ತಗದಿ.”

“ಮನ್ಯಾಗ ಹೇಳಿದಾಗ ಕೇಳಿದ್ರ ಇಲ್ಲೀತನಕಾ ಬರತಿತ್ತೇನ್ರಿ?”

ಅವನು ಬಗ್ಗಿ ಕೊಡದಲ್ಲಿ ನೋಡಿದ. ಪ್ರತಿ ಭಾನುವಾರ ಬಂದು ಇಟ್ಟಿಗೆ ಎಣಿಸಿದವನು, ಸುಣ್ಣ ಮುಟ್ಟಿ ನೋಡಿದವನು, ಗೋಡೆಗೆ ಹೊಡೆದ ನೀರು ಎಲ್ಲಿಯದೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಬೆರಳು ಅದ್ದಿ ತೆಗೆದ. ತುದಿಗೆ ಕೆಸರು ಅಂಟಿಕೊಂಡಿತ್ತು.

“ಇದನ್ನ ಕುಡಿತಾರೇನು?” ಎಂದು ಕೇಳಿದ.

“ಸೋಸಿ ಕುಡಿತಾರ. ಮಕ್ಕಳಿಗೂ.”

ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಎದ್ದುನಿಂತ. “ಮೋಹನದಾಸರ, ನಾಳಿ ಅಲ್ಲ. ಇವತ್ತ, ಈಗಿಂದೀಗ ಮುಚ್ಚಳಾ ತಗಸ್ರಿ.”

“ಕಮಿಟಿನ ಕೇಳಿಲ್ಲ ನೀ!” ಎಂದ ಈರಬಸಪ್ಪ.

“ಮುಚ್ಚೂ ಮುಂದ ನಾ ಆ ಗುಡಸಲದವರನ್ನ ಕೇಳಿದ್ನೇನು? ಕಮಿಟಿಗೆ ಸಿಟ್ಟು ಬಂದ್ರ ಬ್ಯಾರೆ ಕಾರ್ಯದರ್ಶಿನ ಮಾಡಿಕೊಳ್ಳಲಿ. ನಾ ತಗಸವನ.”

ಈರಬಸಪ್ಪ ಊಟ ಮಾಡದೆ ಹೊರಟುಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಗೌರಾಬಾಯಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಫಿಟ್ಟರ್ ಹುಡುಕಿ ತಂದು, ತುಕ್ಕು ಹಿಡಿದ ಮುಚ್ಚಳ ಬಿಚ್ಚಿ, ನಲ್ಲಿ ಕೂರಿಸುವಷ್ಟರಲ್ಲಿ ಅನ್ನ ಆರಿ ತಣ್ಣಗಾಗಿತ್ತು. ಗುಡಿಸಲುಗಳ ಕಡೆಯಿಂದ ಮಕ್ಕಳ ಕೇಕೆ ಕೇಳಿದ ಮೇಲೆ ಶಿವಗಂಗವ್ವ ಕೆಸರು ನೀರಿನ ಕೊಡ ಎತ್ತಿ, ಯಾವ ಮುಹೂರ್ತವೂ ಇಲ್ಲದ ರಣ ಬಿಸಿಲಿನಲ್ಲಿ ಹೊಸ್ತಿಲು ದಾಟಿದಳು.

ಸಂಜೆ ನಿಜಲಿಂಗಪ್ಪ ಕೈಕಾಲು ತೊಳೆಯಲು ಮಹಡಿ ಹತ್ತಿದ. ನಲ್ಲಿ ಉಸ್ ಎಂದು ಗಾಳಿ ಬಿಟ್ಟಿತು.

“ಶಿವಗಂಗಾ, ಇಲ್ಲಿ ಹನಿ ನೀರಿಲ್ಲ!”

“ಕೆಳಗ ಅದ. ಬಂದು ಒಯ್ಯರಿ.”

ಅವನು ಗೊಣಗುತ್ತ ಇಳಿದು ಬಂದ. ಅಡುಗೆಮನೆಯ ನಲ್ಲಿಯಲ್ಲಿ ಸಣ್ಣಗೆ ಬರುತ್ತಿದ್ದ ನೀರಿನಿಂದ ಅವಳು ಕೊಡ ತುಂಬಿ ಮೆಟ್ಟಿಲ ಬುಡದಲ್ಲಿ ಇಟ್ಟಿದ್ದಳು. ಹೆಡ್ ಕ್ಲಾರ್ಕ್ ಸಾಹೇಬರು ಧೋತರ ಎತ್ತಿ ಕಟ್ಟಿ, ಕೊಡವನ್ನು ಹೆಗಲಿಗೇರಿಸಿ, ಹೆಜ್ಜೆ ಹೆಜ್ಜೆಗೂ ಚೆಲ್ಲುತ್ತ ಹತ್ತಿದರು. ನಡುವೆ ಒಮ್ಮೆ ನಿಂತು ಏದುಸಿರು ಬಿಟ್ಟರು.

“ಭಾಳ ವಜ್ಜ ಅದಲ್ಲ ಇದು!”

“ಲಗೂ ಬರ್ರಿ,” ಎಂದಳು ಶಿವಗಂಗವ್ವ ಕೆಳಗಿನಿಂದ. “ಇನ್ನೊಂದು ತುಂಬೀನಿ.”